ಒರೆಸಿದ ನೆಲದಲ್ಲಿ ಹುಡುಕಿದ ಸೀಸ

ಮಾನ್ಯ ಆರೋಗ್ಯ ಅಪಾಯ ಮೌಲ್ಯಮಾಪನ ಅಧಿಕಾರಿಗಳೇ,

ನಮ್ಮ ಮನೆಯ ನೆಲದಲ್ಲಿ ಸೀಸವಿಲ್ಲ ಎಂದು ನಿಮ್ಮ ವರದಿ ಸಾರಿದೆ. ಇದರ ಕೀರ್ತಿ ನಮ್ಮ ಅಮ್ಮನಿಗೆ ಸಲ್ಲಬೇಕು. ನೀವು ಅದನ್ನು ಬೀದಿ ತುದಿಯ ಶೆಡ್ಡಿಗೆ ಕೊಟ್ಟಿದ್ದೀರಿ; ಇದು ನನ್ನ ದೂರು, ಅದಕ್ಕೇ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಆ ಶೆಡ್ಡಿನಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ಗಾಳಿ ಇತ್ತ ತಿರುಗಿದರೆ ನಮ್ಮ ಕಿಟಕಿಯ ಮೇಲೆ ಬೂದು ಪುಡಿ ಕೂರುತ್ತದೆ. ಅಪಾಯವೆಷ್ಟೆಂದು ಅಳೆಯಲು ನೀವು ಪರೀಕ್ಷಕರನ್ನು ಕಳಿಸಿದಿರಿ, ಸಂತೋಷ. ಆದರೆ ಮನೆಯೊಳಗಿನ ಧೂಳನ್ನು ಪರೀಕ್ಷಿಸಲು ಬರುತ್ತೇವೆಂದು ಹಿಂದಿನ ದಿನವೇ ಮನೆಮನೆಗೂ ಫೋನು ಮಾಡಿಸುವ ಬುದ್ಧಿ ಯಾರದು? ಅಮ್ಮ ಸೆರಗು ಸಿಕ್ಕಿಸಿ ನಿಂತೇಬಿಟ್ಟಳು.

“ಸರ್ಕಾರದೋರು ನಮ್ಮನೆ ಕಸ ನೋಡೋಕೆ ಬರ್ತಾರಂತೆ. ಮಾನ ಉಳಿಸ್ಕೋಬೇಕಲ್ಲೇ!”

“ಅಮ್ಮಾ, ಧೂಳು ಇದ್ರೇನೇ ಅವ್ರಿಗೆ ಕೆಲ್ಸ,” ಎಂದಳು ಅಕ್ಕ.

“ಅವ್ರಿಗೆ ಕೆಲ್ಸ ಸಿಗ್ಲಿ ಅಂತ ನಾನು ಗಲೀಜಲ್ಲಿ ಕೂತ್ಕೊಳ್ಲಾ? ಎದುರುಮನೆಯೋಳು ಏನಂದ್ಕೋತಾಳೆ?”

ಎದುರುಮನೆಯವಳಿಗೆ ಏನಾದರೂ ಅಂದುಕೊಳ್ಳಲು ಪುರುಸೊತ್ತೆಲ್ಲಿತ್ತು? ಆಕೆ ಮಂಚವನ್ನೇ ಅಂಗಳಕ್ಕೆ ಎಳೆದು ತೊಳೆಯುತ್ತಿದ್ದಳು. ಸಂಜೆಯ ಹೊತ್ತಿಗೆ ಇಡೀ ಬೀದಿಯ ಚರಂಡಿಯಲ್ಲಿ ಸೋಪಿನ ನೊರೆ ಹರಿಯಿತು. ನೀವು ಹುಡುಕಲು ಬರಲಿದ್ದುದು ಅದರ ಜೊತೆಗೇ ಹೋಯಿತು.

ಮರುದಿನ ಬಂದ ಪರೀಕ್ಷಕರು ಬಾಗಿಲಲ್ಲೇ ಕಣ್ಣರಳಿಸಿದರು. “ಆಹಾ, ಎಷ್ಟು ನೀಟಾಗಿ ಇಟ್ಕೊಂಡಿದೀರಮ್ಮ!” ಅಮ್ಮ ಹಿಗ್ಗಿ ಹೀರೇಕಾಯಿಯಾದಳು. ಹೊಸಬರ ಮುಂದೆ ನನಗೆ ಮಾತು ಹೊರಡುವುದು ಕಷ್ಟ. ಆದರೂ ಬಾಗಿಲ ಮರೆಯಿಂದ ಧೈರ್ಯ ಮಾಡಿ, “ಸಾರ್, ನೆಲ ಇನ್ನೂ ಒದ್ದೆ ಇದೆ,” ಎಂದೆ. ವಿಜ್ಞಾನ ಬಲ್ಲವರಿಗೆ ಇಷ್ಟು ಸುಳಿವು ಸಾಲದೇ? ಅವರು “ಥ್ಯಾಂಕ್ಸಮ್ಮ” ಎಂದು, ಜಾರದಂತೆ ಹುಷಾರಾಗಿ ಹೆಜ್ಜೆಯಿಟ್ಟು ಒಳಗೆ ಬಂದು, ಧೂಳಿನ ಮಾದರಿ ತೆಗೆಯುವ ಬಟ್ಟೆಯನ್ನು ನೆಲಕ್ಕೆ ಒತ್ತಿದರು. ಅದು ಹೋದಷ್ಟೇ ಬೆಳ್ಳಗೆ ಮೇಲೆ ಬಂತು.

ನಿಮ್ಮ ವರದಿಯಲ್ಲಿ ‘ಸರಾಸರಿ ನಿವಾಸಿ’ ಎಂಬೊಬ್ಬ ಮಹಾಶಯನಿದ್ದಾನೆ. ಅಪಾಯದ ಲೆಕ್ಕವೆಲ್ಲ ಅವನಿಗಾಗಿಯೇ. ದಷ್ಟಪುಷ್ಟ ಗಂಡಸು, ನಿಂತೇ ಉಸಿರಾಡುತ್ತಾನೆ, ಹಗಲೆಲ್ಲ ಹೊರಗೆ ದುಡಿಯುತ್ತಾನೆ. ಸಾಹಿತ್ಯ ಓದಿದ ನಾನು ಎಂತೆಂಥ ಕಾಲ್ಪನಿಕ ಪಾತ್ರಗಳನ್ನು ಕಂಡಿದ್ದೇನೆ. ಇಷ್ಟು ಸುಖವಾಗಿರುವವನನ್ನು ಕಂಡಿಲ್ಲ. ನಮ್ಮ ಮನೆಯಲ್ಲಿರುವುದು ಅಕ್ಕನ ಮಗಳು ಪುಟ್ಟಿ. ಅಂಬೆಗಾಲಿನಲ್ಲಿ ಇಡೀ ಮನೆ ಸುತ್ತುತ್ತಾಳೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಕಿತ್ತು ಬಾರದ ಕಿಟಕಿಯ ಕಂಬಿಗೆ ಬಾಯಿಯೇ ಹೋಗುತ್ತದೆ. ಸ್ವಾಮಿ, ನಿಮ್ಮ ಸರಾಸರಿ ನಿವಾಸಿ ಕಿಟಕಿ ನೆಕ್ಕುತ್ತಾನೆಯೇ?

ಪುಟ್ಟಿ ಇನ್ನೂ ಮಾತು ಶುರುಮಾಡಿಲ್ಲ. ಅಮ್ಮ ನನ್ನತ್ತ ಬೊಟ್ಟು ಮಾಡಿ, “ಇವ್ಳಿಗೂ ತಡವಾಗೇ ಬಂದಿದ್ದು ಮಾತು,” ಎಂದು ಅಕ್ಕನಿಗೆ ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ಸೀಸ ಎಳೆಯ ಮಿದುಳಿಗೆ ಸದ್ದಿಲ್ಲದೆ ಕೆಡುಕು ಮಾಡುತ್ತದೆ, ರಕ್ತ ನೋಡಿದರಷ್ಟೇ ತಿಳಿಯುತ್ತದೆ ಎಂದರು ವೈದ್ಯರು. ಅಕ್ಕ ಮಗುವನ್ನೆತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು. “ನಿಮ್ಮ ಬೀದಿ ಸೇಫ್ ಅಂತ ಬಂದಿದೆಯಲ್ಲಮ್ಮ. ಈ ಟೆಸ್ಟು ನಿಮಗಿಲ್ಲ,” ಎಂದು ಚೀಟಿ ಕೊಡುವ ಕಿಟಕಿಯಾಚೆಯಿಂದ ಉತ್ತರ ಬಂತು. ಮನೆಗೆ ಬಂದ ಅಕ್ಕ ಪುಟ್ಟಿಯನ್ನು ಸೊಂಟದಿಂದ ಇಳಿಸಲೇ ಇಲ್ಲ. ಎಲ್ಲಿ ಇಳಿಸುವುದು? ನೆಲದ ಮೇಲೆಯೇ?

ಆದ್ದರಿಂದ ಮೊದಲು ನಮ್ಮ ಬೀದಿಯ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ. ವರದಿ ಆಮೇಲೆ ಬರಲಿ. ಧೂಳಿನ ಪರೀಕ್ಷೆಗೆ ಮತ್ತೆ ಬನ್ನಿ. ಮಂಡಿಯೂರಿ, ಮಗುವಿನ ಮೂಗು ಬಾಯಿ ಇರುವ ಎತ್ತರದಲ್ಲಿ ಅಳೆಯಿರಿ. ಬರುವ ದಿನವನ್ನು ಮಾತ್ರ ದಯವಿಟ್ಟು ತಿಳಿಸಬೇಡಿ. ತಿಳಿಸಿದರೆ ಅಮ್ಮನನ್ನು ತಡೆಯುವ ಅಧಿಕಾರ ನಿಮ್ಮ ಇಲಾಖೆಗೂ ಇಲ್ಲ.

ಇಂತಿ,
ನಮ್ಮ ಮನೆಯಲ್ಲಿ ಧೂಳಿದೆ ಎಂದು ಪತ್ರಿಕೆಯಲ್ಲಿ ಸಾರಿದ್ದಕ್ಕೆ,
ನಾಳೆಯಿಂದ ಅಮ್ಮ ಮಾತಾಡಿಸದ ಕಿರಿಮಗಳು