ಮಗುವಿನ ಹೆಸರಿನಲ್ಲಿ ಹದಿಮೂರು ವರ್ಷ

ಮಣಿಕೊಂಡ, ಹೈದರಾಬಾದ್
೧೪ ಆಗಸ್ಟ್ ೨೦೦೩, ಗುರುವಾರ

ಪ್ರೀತಿಯ ರಾಘು ಅಣ್ಣಾ,

ಹೇಗಿದ್ದೀ? ಉಪ್ಪುಗಾಳಿಗೆ ನಿನ್ನ ದಮ್ಮು ಹೆಚ್ಚಾಗಿಲ್ಲ ತಾನೆ? ದೀಪಸ್ತಂಭದ ಮೆಟ್ಟಿಲುಗಳನ್ನು ದಿನಕ್ಕೆ ಎರಡು ಸಲ ಹತ್ತುತ್ತೇನೆಂದು ನೀನು ಬರೆದದ್ದನ್ನು ಓದಿ ನನ್ನ ಮೊಣಕಾಲುಗಳೇ ನೋಯತೊಡಗಿವೆ. ನಿನ್ನ ದ್ವೀಪಕ್ಕೆ ಫೋನು ಬರುವುದು ಯಾವ ಕಾಲಕ್ಕೋ. ನಾನು ಚೆನ್ನಾಗಿದ್ದೇನೆ. ಅಪ್ಪನೂ ಇದ್ದಾರೆ, ಒಳಕೋಣೆಯಲ್ಲಿ ಪೇಪರು ಓದುತ್ತಿದ್ದಾರೆ.

ವಿಷಯಕ್ಕೆ ಬರುತ್ತೇನೆ. ಅಜ್ಜಿಯ ತೋಟದ ಮನೆಯನ್ನು ಕೊಂಡು ಆ ಜಾಗದಲ್ಲಿ ಸಾಫ್ಟ್‌ವೇರ್ ಕಂಪನಿಯೊಂದು ಗಾಜಿನ ಕಟ್ಟಡ ಏಳಿಸಬೇಕೆಂದಿದೆ. ಅಪ್ಪನೇ ಅಜ್ಜಿ ಶಾರದಾಬಾಯಿಯವರ ಮಗ ಎನ್ನುವುದಕ್ಕೆ ಪುರಾವೆ ಬೇಕಂತೆ. ಮೆಟ್ರಿಕ್ ಸರ್ಟಿಫಿಕೇಟು ಸಾಲದಂತೆ, ಹುಟ್ಟಿದ್ದನ್ನು ಕಂಡವರ ಹೇಳಿಕೆಯೇ ಆಗಬೇಕಂತೆ. ಹಾಗೆ ಕಂಡವರಲ್ಲಿ ಉಳಿದಿರುವವಳು ಅಜ್ಜಿಯ ಮನೆಗೆಲಸದ ಬಂಡೆಮ್ಮ ಒಬ್ಬಳೇ. ತೊಂಬತ್ತರ ಹತ್ತಿರದ ಆಕೆ ದಿಲ್‌ಸುಖ್‌ನಗರದಲ್ಲಿ ಮೊಮ್ಮಗಳ ಜೊತೆ ಇದ್ದಾಳೆ. ಭಾನುವಾರ ಹೋಗಿದ್ದೆ.

ನಾವು ಕೇಳಿ ಬೆಳೆದದ್ದು ನೆನಪಿದೆಯಲ್ಲ? ಕರಡಿಗುಡ್ಡ ಸಂಸ್ಥಾನದ ದೊರೆಯಾಗಿದ್ದ ತಾತ ತೀರಿಕೊಂಡಾಗ ಅಜ್ಜಿಗೆ ಏಳು ತಿಂಗಳು. ಗಂಡು ಹುಟ್ಟಿದರೆ ಸಂಸ್ಥಾನ ಉಳಿಯುತ್ತದೆ, ಇಲ್ಲದಿದ್ದರೆ ದಾಯಾದಿಗಳ ಪಾಲು. ಗಂಡೇ ಹುಟ್ಟಿತೆಂದು ಡಂಗುರ ಹೊಡೆಸಿದರು. ಅಂದಿನಿಂದ ಸಂಸ್ಥಾನ ವಿಲೀನವಾಗುವವರೆಗೆ ಹದಿಮೂರು ವರ್ಷ, ಅಪ್ರಾಪ್ತ ದೊರೆ ನರಹರಿರಾಯರ, ಅಂದರೆ ನಮ್ಮ ಅಪ್ಪನ ಪರವಾಗಿ ಅಜ್ಜಿಯೇ ಆಳಿದರು. ದೃಷ್ಟಿ ತಾಗೀತೆಂದು ಮಗುವನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಬಂಡೆಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. “ಕೂಸು ಹುಟ್ಟಿತ್ರೀ ಬಾಯಿ, ಆದ್ರ ಅಳಲಿಲ್ಲ. ನಾನೇ ಬಿಳಿ ಅರಿವ್ಯಾಗ ಸುತ್ತಿ ಬೇವಿನ ಗಿಡದ ಬುಡಕ ಮಣ್ಣು ಮಾಡೀನಿ. ಅವ್ವಾರು ಒಂದು ಹನಿ ಕಣ್ಣೀರು ಹಾಕಲಿಲ್ಲ. ತೊಟ್ಲಾ ಕಟ್ಟು ಅಂದ್ರು.”

ಖಾಲಿ ತೊಟ್ಟಿಲನ್ನು ಅವಳೇ ತೂಗಿದಳಂತೆ. ಅಧಿಕಾರಿಗಳು ಬಂದಾಗ ಅಜ್ಜಿ ಪರದೆಯ ಆಚೆ ಹೋಗಿ “ದೊರಿ ಒಪ್ಪಿದ್ರು” ಎಂದು ಬಂದು ಮುದ್ರೆ ಒತ್ತುತ್ತಿದ್ದರಂತೆ. ಊಟಕ್ಕೆ ಎರಡು ಎಲೆ, ಎರಡನೆಯದನ್ನು ಹಸುವಿಗೆ ಹಾಕುತ್ತಿದ್ದರಂತೆ. ಮೂರನೆಯ ವರ್ಷ ಒಂದು ದಿನ ಹಸುವಿಗೆ ಹಾಕುವ ಮೊದಲೇ ಆ ಎಲೆ ಬರಿದಾಗಿತ್ತು. ಒಗೆಯಲು ಬಂದ ಪುಟ್ಟ ಅಂಗಿಯ ಕಂಕುಳಲ್ಲಿ ಬೆವರಿನ ಕಲೆ ಇತ್ತು. “ವರ್ಷಾ ವರ್ಷಾ ಅಂಗಿ ದೊಡ್ಡುವು ಆಕ್ಕೋತ ಹೋದುವು ಬಾಯಿ. ನಾ ಏನೂ ಕೇಳಲಿಲ್ಲ.”

ವಿಲೀನದ ದಿನ ಅಧಿಕಾರಿ ದೊರೆಯನ್ನು ಕಣ್ಣಾರೆ ಕಾಣಲೇಬೇಕೆಂದು ಪಟ್ಟು ಹಿಡಿದನಂತೆ. ಅಜ್ಜಿ ಒಳಗೆ ಹೋಗಿ ಹದಿಮೂರರ ಹುಡುಗನ ಕೈಹಿಡಿದು ಕರೆತಂದರು. ಆ ಕೋಣೆಗೆ ಬೇರೆ ಬಾಗಿಲಿರಲಿಲ್ಲ. ಹುಡುಗ ಅಧಿಕಾರಿಗೆ ಕೈಮುಗಿದು, ಬಂಡೆಮ್ಮನತ್ತ ತಿರುಗಿ, “ಬಂಡೆವ್ವಾ, ನೀರು ಕೊಡು” ಎಂದನಂತೆ.

ಎಲ್ಲಿಂದಲೋ ಯಾರದೋ ಮಗನನ್ನು ಅಜ್ಜಿ ಗುಟ್ಟಾಗಿ ತಂದು ಸಾಕಿರಬೇಕು. ಬರುವಾಗ ಬಸ್ಸಿನಲ್ಲಿ ಅದನ್ನೇ ನೂರು ಸಲ ಹೇಳಿಕೊಂಡೆ. ಆಮೇಲೆ ಮಾಡಬಾರದ್ದನ್ನು ಮಾಡಿದೆ ಅಣ್ಣಾ. ಸೋಮವಾರ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಸಿಟ್ಟಾಗುತ್ತಾರೆಂದು ಹೆದರಿದ್ದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ತಮ್ಮ ಅಂಗೈಯನ್ನೇ ನೋಡಿಕೊಂಡರು. “ಮೂರು ವರ್ಷದಕಿಂತ ಮೊದಲಿಂದು ನನಗ ಏನೂ ನೆನಪಿಲ್ಲ ಮೃಣಾಲ, ಅದು ಎಲ್ಲಾರಿಗೂ ಹಂಗನ. ಆದ್ರ ಅವ್ವ ಹೋದ ಮ್ಯಾಲೆ ಯಾರರೆ ನನ್ನ ಹೆಸರು ಹಿಡದು ಕರೀತಿರಬೇಕು ಅನಸ್ತದ. ಇಲ್ಲಂದ್ರ ಭಾಳ ಹಗುರ ಆಗ್ತೀನಿ,” ಎಂದರು. ಮಂಗಳವಾರದಿಂದ ಅವರು ನಡೆದರೆ ಸಪ್ಪಳವೇ ಕೇಳಿಸುತ್ತಿಲ್ಲ. ವಯಸ್ಸಾಯಿತು, ತೂಕ ಇಳಿದಿರಬೇಕು. ನಾಳೆ ರಜೆ, ನಾಡಿದ್ದು ಡಾಕ್ಟರಿಗೆ ತೋರಿಸುತ್ತೇನೆ.

ಮನೆ ಮಾರುವುದು ಬೇಡವೆಂದು ಕಂಪನಿಯವರಿಗೆ ಹೇಳಿ ಕಳಿಸಿದ್ದೇನೆ. ನೀನು ವೇಳೆಗೆ ಸರಿಯಾಗಿ ಉಣ್ಣು, ಮಳೆಯಲ್ಲಿ ಮೇಲೆ ಹತ್ತಬೇಡ. ಅಪ್ಪ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ನಿನ್ನ ತಂಗಿ,
ಮೃಣಾಲಿನಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಪ್ಪನಿಂದ ಎರಡು ಸಾಲು ಬರೆಸೋಣವೆಂದು ಒಳಗೆ ಹೋದೆ. ಇಲ್ಲ. ಹೊರಬಾಗಿಲಿಗೆ ಒಳಗಿನಿಂದ ನಾನೇ ಹಾಕಿದ ಚಿಲಕ ಹಾಗೇ ಇದೆ. ಕೆಳಗೆ ಓಡಿ ವಾಚ್‌ಮನ್ ತಿಪ್ಪೇಸ್ವಾಮಿಯನ್ನು ಕೇಳಿದೆ. “ಯಾವ ಅಪ್ಪಾರ್ರೀ ಮೇಡಂ? ಬಂದಾಗಿಂದ ನೀವು ಒಬ್ಬರ ಇರೂದಲ್ರೀ?” ಎಂದ. ಅವನಿಗೆ ದಿನಾ ಬೆಳಿಗ್ಗೆ ಅಪ್ಪನೇ ಚಹಾ ಕೊಡುತ್ತಿದ್ದರು. ಅಣ್ಣಾ, ನಿನಗೆ ನೆನಪಿದ್ದಾರಲ್ಲವೇ? ಇದು ಮುಟ್ಟಿದ ಗಳಿಗೆಯೇ ಒಂದು ಕಾರ್ಡು ಬರೆ. ನನಗಲ್ಲ, ಅಪ್ಪನಿಗೆ. ವಿಳಾಸದಲ್ಲಿ ಅವರ ಹೆಸರನ್ನು ಪೂರ್ತಿಯಾಗಿ, ದೊಡ್ಡ ಅಕ್ಷರಗಳಲ್ಲಿ ಬರೆ.