ಎಡಗೈಯಲ್ಲಿ ಬರೆದದ್ದು

ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ಅಮ್ಮನಿಗೆ, ಮಗಳ ಒಂಟಿಗೈ ನಮಸ್ಕಾರ.

ಅಕ್ಷರ ಸೊಟ್ಟಗಿದೆಯೆಂದು ಬೈಯಬೇಡ. ಬಲಗೈಯ ಎರಡು ಬೆರಳು ಮುರಿದಿವೆ. ಮುರಿದವರು ಯಾರು? ನಮ್ಮ ನರ್ಸಿಂಗ್ ಶಾಲೆಯ ದೊಡ್ಡ ಮೇಡಂ! ನೀನು ನರ್ಸಿಂಗ್ ಪಾಠ ಹೇಳುತ್ತಿದ್ದ ಕಾಲದ ನಿನ್ನ ಅಚ್ಚುಮೆಚ್ಚಿನ ಶಿಷ್ಯೆ. ‘ಸ್ವಲ್ಪ ಬಾಯಿ ಜೋರು, ಹೊಂದ್ಕೊಂಡು ಹೋಗು’ ಎಂದು ಫೋನಿನಲ್ಲಿ ಹೇಳುತ್ತಿದ್ದೆಯಲ್ಲ, ಅವರೇ.

ಕೇಳು. ಬೆಳಗ್ಗೆ ಹನ್ನೊಂದು. ಪ್ರಾಯೋಗಿಕ ಕೋಣೆಯಲ್ಲಿ ಮೂವತ್ತು ಹುಡುಗಿಯರು. ಮಂಚದ ಮೇಲೆ ನಾವೆಲ್ಲ ‘ಮಾವ’ ಎಂದು ಕರೆಯುವ ರಬ್ಬರ್ ಬೊಂಬೆ. ಮಾವನ ಎದೆಗೆ ಪಟ್ಟಿ ಕಟ್ಟುವುದನ್ನು ಅವರಿಗೆ ಕಲಿಸುತ್ತಿದ್ದೆ. ಬಾಗಿಲು ಧಡಾರನೆ ತೆರೆಯಿತು. ಪ್ರವೇಶ!

“ಏನಮ್ಮಾ ಮಹಾರಾಣಿ, ಗಾಯ ಕಟ್ತಿದ್ದೀಯೋ, ಜಡೆ ಹೆಣೀತಿದ್ದೀಯೋ?”

ಹುಡುಗಿಯರು ನಕ್ಕರು. ಮಕ್ಕಳ ಮುಂದೆ ಬೇಡ, ಆಮೇಲೆ ಹೇಳಿ ಮೇಡಂ ಎಂದೆ. ಅಷ್ಟೇ ನನ್ನ ಅಪರಾಧ!

“ನಂಗೇ ಪಾಠ ಹೇಳ್ತೀಯೇನೇ? ಇಡು ಕೈ! ಗೆಣ್ಣು ಮೇಲೆ!”

ರಕ್ತನಾಳ ಹಿಡಿಯುವ ಉಕ್ಕಿನ ಇಕ್ಕಳ ಅವರ ಜೇಬಿನಲ್ಲೇ ಇರುತ್ತದೆ. ಟ್ರಾಲಿಯ ಮೇಲೆ ನನ್ನ ಮಣಿಕಟ್ಟನ್ನು ಒತ್ತಿ ಹಿಡಿದು ಬಾರಿಸಿದರು. ಒಂದು! ಎರಡು! ಮೂರನೆಯದಕ್ಕೆ ಒಣಕಡ್ಡಿ ಮುರಿದ ಸದ್ದು. ರಕ್ತ ಚಿಮ್ಮಿ ಮಾವನ ಬಿಳಿ ಪಟ್ಟಿ ಕೆಂಪಾಯಿತು. ಬಾಗಿಲಲ್ಲಿ ಇಬ್ಬರು ಉಪನ್ಯಾಸಕಿಯರು ನಿಂತು ನೋಡುತ್ತಿದ್ದರು. ಒಬ್ಬಳು ಬಾಯಿ ಬಿಟ್ಟಳು, ಏನೆಂದು? “ಹೋಗ್ಲಿ ಬಿಡಿ ಮೇಡಂ, ನಿಮ್ಗೇ ಬಿಪಿ ಏರತ್ತೆ.”

ಮೇಡಂ ಇಕ್ಕಳ ಬಿಸಾಡಿ ಹೋದರು. ಪರದೆ ಇಲ್ಲಿಗೆ ಬೀಳಬೇಕಿತ್ತು. ಬೀಳಲಿಲ್ಲ ಅಮ್ಮ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕೆಂದಳು. ಹೆದರಿಕೆಯ ನಗೆ, ಅದು ಈಗ ಗೊತ್ತಾಗುತ್ತದೆ. ಆಗ ನಾನು ಎಡಗೈಯಲ್ಲಿ ಇಕ್ಕಳ ಎತ್ತಿಕೊಂಡೆ. “ಗೆಣ್ಣು ಮೇಲೆ!” ಎಂದು ಗುಡುಗಿದೆ. ಹೌದು, ನಾನೇ! ಅವಳು ತಕರಾರಿಲ್ಲದೆ ಕೈ ಚಾಚಿದಳು. ಹೊಡೆದೆ. ಚರ್ಮ ಬಿರಿಯುವಷ್ಟು.

ಆಮೇಲೆ ಆಸ್ಪತ್ರೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತೆವು. “ಮಿಸ್, ನಿಮ್ಗೆ ತುಂಬಾ ನೋಯ್ತಿದ್ಯಾ?” ಎಂದು ಕೇಳಿತು ಆ ಮಗು.

ಪ್ರಿನ್ಸಿಪಾಲರ ಕರಾರು ಹೀಗಿದೆ: ಟ್ರಾಲಿಗೆ ಕೈ ಸಿಕ್ಕಿತೆಂದು ನಾಲ್ಕು ಗಂಟೆಯೊಳಗೆ ಬರೆದುಕೊಟ್ಟರೆ, ನಾನು ಹೊಡೆದದ್ದನ್ನು ಅವರೂ ಮರೆಯುತ್ತಾರೆ, ಕೆಲಸ ಉಳಿಯುತ್ತದೆ. ಇಲ್ಲವಾದರೆ ಮೇಡಂ, ನಾನು ಇಬ್ಬರೂ ಮನೆಗೆ. ನಾನು ನಡೆದದ್ದನ್ನೇ ಬರೆದಿದ್ದೇನೆ. ಹುಡುಗಿಯ ಗಾಯವನ್ನೂ ಸೇರಿಸಿ.

ಇಂತಿ,
ನಾಲ್ಕು ಗಂಟೆಯವರೆಗೆ ಉಪನ್ಯಾಸಕಿಯಾಗಿರುವ
ನಿನ್ನ ಮಗಳು

ತಾ.ಕ.: ಇಕ್ಕಳ ನನ್ನ ಬಳಿಯೇ ಇದೆ. ರಕ್ತ ತೊಳೆದಾಗ ಹಿಡಿಯ ಮೇಲೆ ಮೂರು ಗೀರು ಕಂಡವು. ಕಳೆದುಹೋಗಬಾರದೆಂದು ನಿನ್ನ ಸಾಮಾನಿಗೆಲ್ಲ ಮೊಳೆಯಿಂದ ಕೊರೆಯುತ್ತಿದ್ದ ಗೀರು. ನಿವೃತ್ತಿಯ ದಿನ ಶಿಷ್ಯೆಗೆ ಕೊಟ್ಟ ಉಡುಗೊರೆ ಇದೇ ಏನು? ಅಡುಗೆಮನೆಯ ಸೌಟಿನ ಮೇಲೂ ಅವೇ ಮೂರು ಗೀರಿವೆ. ನನ್ನ ಗೆಣ್ಣುಗಳಿಗೆ ಆ ಸೌಟಿನ ಪರಿಚಯ ಎಂಟನೇ ವಯಸ್ಸಿನಿಂದ. ಹೇಳಿಕೆಯಲ್ಲಿ ಹೊಡೆದವರ ಹೆಸರು ಎರಡೇ ಇತ್ತು. ಈಗ ಮೂರು.