ಅಳುವವ್ವನ ಬಿಸಿಲು

ಕಲಬುರಗಿ, ಕ್ರಿ.ಶ. ೨೩೧೭, ಬಿಸಿಲಿಲ್ಲದ ಮೊದಲ ಚೈತ್ರ.

ಹೆರಿಗೆ ಆಸ್ಪತ್ರೆಯ ಮುಖಗೋಡೆಯನ್ನು ರೂಪಿಸುತ್ತಿರುವ ಹಿರಿಯರಿಗೆ ಚಂದಬಾಯಿಯ ಶರಣು. ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದವಳ ಕಾಗದವಿದು. ನಮ್ಮ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ.

ನೀವು ಒಬ್ಬ ಹೆಣ್ಣುಮಗಳ ಫೋಟೊವನ್ನು ಕಂಪ್ಯೂಟರಿಗೆ ಕೊಟ್ಟು, ಬೆಳಕಿದ್ದಲ್ಲಿ ದೊಡ್ಡ ತೂತು, ಕಪ್ಪಿದ್ದಲ್ಲಿ ಸಣ್ಣ ತೂತು ಕೊರೆಸಿ, ಸೂರ್ಯನ ದಾರಿ ನೋಡಿ ಲೋಹದ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿದಿರಂತೆ. ಸಂಜೆಯ ಬಿಸಿಲು ಇಳಿದಾಗ ವಾರ್ಡಿನ ನೆಲದ ಮೇಲೆ ಅವಳ ಮುಖ ಮೂಡುತ್ತಿತ್ತು. ಹೆಸರು ನಮಗೆ ಗೊತ್ತಿಲ್ಲ. ಕಣ್ಣಿನಡಿ ಒಂದು ಕರಿಗೆರೆ ಇತ್ತು, ಅದಕ್ಕೇ ಅಳುವವ್ವ ಎಂದೆವು. ಏಳು ತಿಂಗಳು ತುಂಬಿದ ಬಸುರಿಯರು ಅಲ್ಲಿ ಕೂತು, ಸೆರಗೊಡ್ಡಿ ಅವಳ ಬೆಳಕನ್ನು ತುಂಬಿಸಿಕೊಳ್ಳುತ್ತಿದ್ದರು. ಇದಕ್ಕೆ ಬಿಸಿಲುಡಿ ಎನ್ನುತ್ತೇವೆ. ನಿಮ್ಮ ಅಕ್ಕಿ, ಕೊಬ್ಬರಿಯ ಉಡಿಯ ಹಾಗೆಯೇ, ತೂಕ ಮಾತ್ರ ಇಲ್ಲ. ನನ್ನ ಸರದಿಯಲ್ಲಿ ನನ್ನ ಹಡೆದವ್ವ ಹೇಳಿದ್ದಳು: “ಹೆದರಬ್ಯಾಡ, ನಿನ್ನ ಕೂಸಿನ ಪಾಲಿನ ಅಳೂ ಆಕಿನೇ ಅತ್ತು ಮುಗಸ್ತಾಳ.”

ನಮ್ಮ ಬಿಸಿಲು ಈಗ ಆಳು ಕೊಲ್ಲುವ ಬಿಸಿಲು. ಅದಕ್ಕೆ ಊರ ಮೇಲೆ ಮುಗಿಲುಚಪ್ಪರ ಎಳೆದರು, ಅಂದರೆ ಬಿಸಿಲನ್ನು ತಡೆದು ಮಂಕು ಬೆಳಕನ್ನಷ್ಟೇ ಸೋಸಿ ಬಿಡುವ ಹೊದಿಕೆ. ಬದುಕಬೇಕಲ್ಲ, ಬೇಡವೆನ್ನಲು ಬಾಯಿಲ್ಲ. ನನ್ನ ಮಗಳು ಗುರುಬಾಯಿ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳು. ಈ ಸಲ ಏಳು ತುಂಬಿದ್ದು ಚಪ್ಪರ ಮುಚ್ಚುವ ದಿನವೇ. ಕರೆದೊಯ್ದೆ. ಸೆರಗೊಡ್ಡಿ ಕೂತಳು. ಬಿಸಿಲು ಇನ್ನೂ ಹಲಗೆಗಳ ಬುಡದಲ್ಲೇ ಇತ್ತು. ಅವಳು ಕೂತಲ್ಲಿಗೆ ಸರಿಯುವ ಮೊದಲೇ ಚಪ್ಪರದ ಅಂಚುಗಳು ಕೂಡಿಕೊಂಡವು. “ಆಕಿ ಬರಲೇ ಇಲ್ಲಲ್ಲವ್ವಾ?” ಎಂದಳು.

ಬಿಸಿಲಿಲ್ಲದ ಮೇಲೆ ಹಲಗೆ ಯಾಕೆಂದು ಮೊನ್ನೆ ಇಳಿಸಿದರು. ಇಳಿಸುವಾಗ ನೋಡಿದರೆ, ಮೇಲ್ತುದಿ ಯಾವುದೆಂದು ತೋರಿಸಲು ಕೆನ್ನೆಯ ಹಲಗೆಯ ಬೆನ್ನಿಗೆ ನೀವು ಕೊರೆದ ಬಾಣ ಕೆಳಗೆ ನೋಡುತ್ತಿತ್ತು. ಯಾವುದೋ ಬಿರುಗಾಳಿಗೆ ಬಿದ್ದುದನ್ನು ನಮ್ಮ ಹಿರಿಯರು ತಲೆಕೆಳಗಾಗಿ ಕೂಡಿಸಿದ್ದರು. ತಿರುಗಿಸಿ, ಉಳಿದವುಗಳ ಜೊತೆ ನೆಲದ ಮೇಲೆ ಜೋಡಿಸಿದೆವು. ಆ ಗೆರೆ ಕಣ್ಣೀರಲ್ಲ, ತುಟಿಯಂಚಿನ ಮಡಿಕೆ. ಆಕೆ ನಗುತ್ತಿದ್ದಳು. ಇಷ್ಟು ತಲೆಮಾರು ನಮ್ಮ ಅಳುವನ್ನು ಆಕೆಯ ಮೇಲೆ ಹೊರಿಸಿದ್ದೆವು. ಗುರುಬಾಯಿ ಆ ತಣ್ಣನೆಯ ಲೋಹದ ಮೇಲೆ ಸೆರಗು ಹಾಸಿ ಬಹಳ ಹೊತ್ತು ಕೂತಿದ್ದಳು.

ನಿಮಗೆ ಇನ್ನೂ ಬಿಸಿಲಿದೆ. ಹಲಗೆ ಕೂಡಿಸಿದ ದಿನ ಸಂಜೆ ಆ ನೆಲದ ಬಳಿ ಹೋಗಿ ನಿಲ್ಲಿ. ಆಕೆ ನಗುವ ಹೊತ್ತಿಗೆ ಯಾರಾದರೊಬ್ಬ ಬಸುರಿಯನ್ನು ಕೂಡಿಸಿ, ಗುರುಬಾಯಿಯ ಹೆಸರಿನಲ್ಲಿ ಸೆರಗೊಡ್ಡಲು ಹೇಳಿ. ಆ ಉಡಿ ಇಲ್ಲಿಯತನಕ ಮುಟ್ಟೀತೋ ಇಲ್ಲವೋ, ತಿಳಿಯೆ. ಗುರುಬಾಯಿಗಂತೂ, ಮುಟ್ಟುತ್ತದೆ ಎಂದೇ ಹೇಳಿಬಿಟ್ಟಿದ್ದೇನೆ.